ಜನ ಗೊಣಗದೆ ಚಂದಾ ಕಟ್ಟುವಂಥ ಸೇವೆ ಹುಡುಕುವುದು ಹೇಗೆ

"ಇಂಥದ್ದೊಂದು ಸರ್ವಿಸ್ ಇದ್ದಿದ್ರೆ ತಿಂಗಳು ತಿಂಗಳು ದುಡ್ಡು ಕೊಡೋಕೂ ನಾನು ರೆಡಿ." ಈ ಮಾತನ್ನು ನೀವೂ ಯಾವಾಗಲಾದರೂ ಆಡಿರುತ್ತೀರಿ. ನಾನಂತೂ ಬೇಕಾದಷ್ಟು ಸಲ ಆಡಿದ್ದೇನೆ. ಬೇರೆಯವರು ಆಡಿದ್ದನ್ನು ನಂಬಿ ಕೆಲಸಕ್ಕಿಳಿದು ಕೈಯನ್ನೂ ಸುಟ್ಟುಕೊಂಡಿದ್ದೇನೆ. ಇಂಥ ಆಸೆಗಳಲ್ಲಿ ಯಾವುದು ನಿಜವಾಗಿ ಚಂದಾ ಕಟ್ಟಿಸುತ್ತದೆ, ಯಾವುದು ಬರೀ ಮಾತು ಅಂತ ತಿಳಿದುಕೊಳ್ಳೋದು ಹೇಗೆ ಅನ್ನೋದನ್ನು ನನಗೆ ಗೊತ್ತಿರುವ ಮಟ್ಟಿಗೆ ಬರೆಯುತ್ತೇನೆ.

ಮೊದಲು ನಾನು ಎಡವಿದ ಕಥೆ. ಎಲ್ಲರ ಫೋನಿನಲ್ಲೂ ಸಾವಿರಾರು ಫೋಟೊ ಬಿದ್ದಿರುತ್ತವೆ ಅಲ್ವಾ. ಒಂದೇ ದೃಶ್ಯದ ಏಳೆಂಟು ಕಾಪಿ, ಕಣ್ಣು ಮುಚ್ಚಿದ್ದು, ಬೆರಳು ಅಡ್ಡ ಬಂದದ್ದು, ಯಾವುದೋ ಬಿಲ್ಲಿನದ್ದು. ತಿಂಗಳಿಗೊಮ್ಮೆ ಇದನ್ನೆಲ್ಲ ಕೂತು ವಿಂಗಡಿಸಿ, ಚೆನ್ನಾಗಿ ಬಂದ ಒಂದಷ್ಟನ್ನು ಪ್ರಿಂಟ್ ಹಾಕಿಸಿ ಕಳಿಸಿಕೊಡೋದು ನನ್ನ ಐಡಿಯಾ. ಗೊತ್ತಿದ್ದ 20 ಜನರನ್ನು ಕೇಳಿದೆ. 17 ಜನ "ಅಯ್ಯೋ, ಮೊದಲು ಶುರು ಮಾಡು ಮಾರಾಯ" ಅಂದರು. ಶುರು ಮಾಡಿ ದುಡ್ಡು ಕೇಳಿದಾಗ ಕೊಟ್ಟವರು 2 ಜನ. ಅವರಲ್ಲೂ ಒಬ್ಬರು ಎರಡನೇ ತಿಂಗಳಿಗೇ ನಿಲ್ಲಿಸಿದರು. ಅವರನ್ನು ಬೈಯೋ ಹಾಗೂ ಇಲ್ಲ. ಹಳೇ ಫೋಟೊಗಳ ರಾಶಿ ಕರಗಿತ್ತು, ತಲೆನೋವು ಹೋಗಿತ್ತು. ಇನ್ನು ಯಾತಕ್ಕೆ ಕಟ್ಟಬೇಕು?

ಆಮೇಲೆ ಹೊಳೆದದ್ದು ಇಷ್ಟು. ಅದು ಒಂದು ಸಲ ಮಾಡಿ ಮುಗಿಸುವ ಕೆಲಸ. ಒಟ್ಟಿಗೆ ಕೂಲಿ ತಗೊಂಡು ಮಾಡಿಕೊಡಬೇಕಾಗಿತ್ತು. ನಾನು ಸುಮ್ನೆ ಅದನ್ನು ತಿಂಗಳ ಲೆಕ್ಕಕ್ಕೆ ಎಳೆದಿದ್ದೆ. ಹಾಗಾಗಿ ಯಾವ ಐಡಿಯಾ ಬಂದರೂ ಮೊದಲು ಕೇಳಿಕೊಳ್ಳಿ: ಈ ತಿಂಗಳು ನಾನು ಇದನ್ನು ಎಷ್ಟೇ ಚೆನ್ನಾಗಿ ಮಾಡಿಕೊಟ್ಟರೂ ಮುಂದಿನ ತಿಂಗಳು ಅದೇ ತಾಪತ್ರಯ ಮತ್ತೆ ಬರುತ್ತದಾ? ಉಗುರು ಬೆಳೆದ ಹಾಗೆ, ಧೂಳು ಕೂತ ಹಾಗೆ ತಾನಾಗಿ ಬರುತ್ತದೆ ಅಂದರೆ ಮುಂದಕ್ಕೆ ಹೋಗಿ. ಇಲ್ಲ ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ಹಂಗು ಎಲ್ಲಿದೆ ಅಂತ ಹುಡುಕಿ

ಎರಡನೇ ಸಲ ನನಗೆ ದಾರಿ ತೋರಿಸಿದ್ದು ನನ್ನ ಅತ್ತೆ, ಅಂದರೆ ಅಪ್ಪನ ತಂಗಿ. ಒಂದು ದಿನ ಅವರ ಮನೆಗೆ ಹೋದಾಗ ನಾನು ಕೂರುವ ಮುಂಚೆಯೇ ಕನ್ನಡಕದ ಡಬ್ಬಿಯಿಂದ ನಾಲ್ಕಾಗಿ ಮಡಚಿದ ಒಂದು ಚೀಟಿ ತೆಗೆದರು. ಅದರಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು: ಫೋನ್ ಜಾಗ ಇಲ್ಲ ಅನ್ನುತ್ತೆ. ಅಕ್ಷರ ಚಿಕ್ಕದಾಗಿಬಿಟ್ಟಿದೆ. ಮೇಲಿನಿಂದ ಏನೇನೋ ಜಾಹೀರಾತು ಇಳಿಯುತ್ತೆ. ಬ್ಯಾಂಕಿನದು ಅಂತ ಒಂದು ಮೆಸೇಜ್ ಬಂದಿದೆ, ಒತ್ತಿಲ್ಲ. ಹೀಗೆ ಒಂಬತ್ತು ಸಾಲು. ಮೊದಲ ಸಾಲು ಬರೆದು ಆರು ವಾರ ಆಗಿತ್ತಂತೆ. "ಫೋನ್ ಮಾಡಿ ಕೇಳಬಾರದಿತ್ತಾ ಅತ್ತೆ?" ಅಂದೆ. "ನಿಂಗೆ ಎಷ್ಟು ಸಲ ಅಂತ ತೊಂದರೆ ಕೊಡ್ಲಿ" ಅಂದರು. ಒಂಬತ್ತೂ ಸರಿ ಮಾಡೋಕೆ ನನಗೆ ಹಿಡಿದದ್ದು 25 ನಿಮಿಷ.

ಆರು ವಾರ ಅವರು ಸಹಿಸಿಕೊಂಡು ಕೂತದ್ದು ಯಾಕೆ? ಸಹಾಯ ಸಿಗೋದಿಲ್ಲ ಅಂತ ಅಲ್ಲ. ಬಾಯಿ ಬಿಟ್ಟು ಕೇಳಬೇಕಲ್ಲ ಅಂತ. ನಮ್ಮಲ್ಲಿ ಇದಕ್ಕೆ ಒಳ್ಳೇ ಪದ ಇದೆ, ಹಂಗು. ದುಡ್ಡು ಕೊಟ್ಟವನಿಗೆ ಹಂಗಿಲ್ಲ, ರಾಜಾರೋಷವಾಗಿ ಕೇಳುತ್ತಾನೆ. ನನ್ನ ಮಟ್ಟಿಗೆ ಜನ ಖುಷಿಯಿಂದ ಚಂದಾ ಕಟ್ಟೋದು ಎರಡೇ ವಿಷಯಕ್ಕೆ. ಒಂದು, ಯಾರ ಹಂಗೂ ಇಲ್ಲದೆ ಕೆಲಸ ಆಗೋದಕ್ಕೆ. ಇನ್ನೊಂದು, ನೆನಪಿಟ್ಟುಕೊಳ್ಳುವ ಹೊರೆ ತಲೆಯಿಂದ ಇಳಿಯೋದಕ್ಕೆ. ಉಳಿದದ್ದಕ್ಕೂ ಕಟ್ಟುತ್ತಾರೆ, ಆದರೆ ಗೊಣಗಿಕೊಂಡು ಕಟ್ಟುತ್ತಾರೆ.

ಅದಕ್ಕೇ "ನಿಮಗೆ ಏನು ಬೇಕು?" ಅಂತ ಯಾರನ್ನೂ ಕೇಳಬೇಡಿ. ಕೇಳಿದರೆ ಜನ ಒಳ್ಳೆಯವರಾಗಿಬಿಡುತ್ತಾರೆ, ನಿಮಗೆ ಬೇಜಾರಾಗಬಾರದು ಅಂತ ಹೂಂ ಅನ್ನುತ್ತಾರೆ. ಅದರ ಬದಲು ಹತ್ತು ದಿನ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಸುತ್ತಮುತ್ತ ನೋಡಿ. ಯಾರು "ಸ್ವಲ್ಪ ಬಿಡುವಾದಾಗ ಇದೊಂದು ನೋಡ್ತೀಯಾ" ಅಂತ ಯಾರನ್ನು ಕೇಳುತ್ತಿದ್ದಾರೆ, ಗೋಡೆಗೆ, ಕಪಾಟಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ ಏನಿದೆ, ಯಾವ ಮರೆವಿಗೆ ಜನ ದಂಡ ಕಟ್ಟಿದ್ದಾರೆ, ಯಾವ ವಸ್ತುವನ್ನು "ಇರಲಿ, ಕೈ ಕೊಟ್ಟರೆ ಬೇಕಾಗುತ್ತೆ" ಅಂತ ಎರಡೆರಡು ಇಟ್ಟುಕೊಂಡಿದ್ದಾರೆ, ಇದನ್ನೆಲ್ಲ ಬರೆದುಕೊಳ್ಳಿ. ಇವೆಲ್ಲ ಜನ ಈಗಾಗಲೇ ಕಟ್ಟುತ್ತಿರುವ ಚಂದಾನೇ. ದುಡ್ಡಿನಲ್ಲಿ ಕಟ್ಟುತ್ತಿಲ್ಲ, ಅಷ್ಟೆ.

ಕುಟುಂಬದಲ್ಲಿ, ಆಫೀಸಿನಲ್ಲಿ ಒಬ್ಬ ಇರುತ್ತಾನೆ ನೋಡಿ, ಎಲ್ಲರೂ ಎಲ್ಲದಕ್ಕೂ ಅವನನ್ನೇ ಹಿಡಿಯೋದು. ಪ್ರಿಂಟರ್ ನಿಂತರೂ ಅವನೇ, ಫಾರ್ಮ್ ತುಂಬೋಕೂ ಅವನೇ. ಅವನ ಹತ್ತಿರ ಒಂದು ಗಂಟೆ ಕೂತು ಹೋದ ತಿಂಗಳು ಯಾರ್ಯಾರು ಏನೇನು ಕೇಳಿದರು ಅಂತ ವಿಚಾರಿಸಿ. ಅವನಿಗೂ ಹೇಳಿಕೊಂಡು ಹಗುರಾಗುತ್ತದೆ.

ನಾನು ಬರೆದುಕೊಂಡ ಆಸೆಗಳು

ಅವಧಿ ಮುಗಿಯುವ ಕಾಗದಪತ್ರಗಳದ್ದು ಮೊದಲನೆಯದು. ಇದರ ಬಗ್ಗೆ ಕೇಳಿದಷ್ಟು ದೂರು ಬೇರೆ ಯಾವುದರ ಬಗ್ಗೆಯೂ ಕೇಳಿಲ್ಲ. ಪಾಸ್‌ಪೋರ್ಟ್, ಲೈಸೆನ್ಸ್, ವಿಮೆ, ವಾರಂಟಿ ಒಂದೊಂದಕ್ಕೂ ಒಂದೊಂದು ತಾರೀಕು. ಪಾಸ್‌ಪೋರ್ಟಿನದಂತೂ ಇನ್ನೂ ಮಜಾ. ಅದರ ಮೇಲೆ ಬರೆದಿರುವ ಕೊನೇ ದಿನ ನಿಜವಾದ ಕೊನೇ ದಿನವೇ ಅಲ್ಲ. ಎಷ್ಟೋ ದೇಶಗಳು ಇನ್ನೂ 6 ತಿಂಗಳ ಅವಧಿ ಬಾಕಿ ಇಲ್ಲದಿದ್ದರೆ ಒಳಗೇ ಬಿಡೋದಿಲ್ಲ. ಟಿಕೆಟ್ ಮಾಡಿಸಿದ ಮೇಲೆ ಇದು ಗೊತ್ತಾದವರ ಮುಖ ನೀವು ನೋಡಬೇಕು. ಆದರೆ ಇಲ್ಲೊಂದು ಹಳ್ಳ ಇದೆ. ಬರೀ ನೆನಪು ಮಾಡಿಸುವ ಸೇವೆಗೆ ಯಾರೂ ದುಡ್ಡು ಕೊಡೋದಿಲ್ಲ, ಫೋನಿನ ಕ್ಯಾಲೆಂಡರ್ ಪುಕ್ಕಟೆ ಮಾಡುತ್ತದೆ. ನೆನಪಾದ ಮೇಲೂ ಫಾರ್ಮ್ ತುಂಬಬೇಕು, ಫೋಟೊ ತೆಗೆಸಬೇಕು, ದಿನ ಗೊತ್ತುಮಾಡಿಕೊಳ್ಳಬೇಕು. ಇದಿಷ್ಟನ್ನೂ ಮುಗಿಸಿ "ನೀವು ಇಲ್ಲೊಂದು ಸಹಿ ಹಾಕಿ ಸಾಕು" ಅನ್ನುವ ಹಂತಕ್ಕೆ ತಂದುಕೊಡಿ, ಆಗ ಕೊಡುತ್ತಾರೆ.

ಮನೆಯ ಸಣ್ಣ ಪುಟ್ಟ ರಿಪೇರಿ ಎರಡನೆಯದು. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ಫಿಲ್ಟರ್ ಬದಲಾಯಿಸೋದು, ಕೈಗೆಟುಕದ ಬಲ್ಬು. ಇದರಲ್ಲಿ ಯಾವುದೂ ಒಬ್ಬ ಮೆಕ್ಯಾನಿಕ್ಕನ್ನು ಕರೆಸುವಷ್ಟು ದೊಡ್ಡದಲ್ಲ. ಕರೆದರೂ ಇಷ್ಟು ಚಿಕ್ಕ ಕೆಲಸಕ್ಕೆ ಯಾರೂ ಬರೋದಿಲ್ಲ. ಹಾಗಾಗಿ ಸೋರುತ್ತಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಒಬ್ಬರು ಪೆಟ್ಟಿಗೆ ಹಿಡಿದು ಬಂದು ಎರಡು ಗಂಟೆ ಇದ್ದು ಚೀಟಿಯಲ್ಲಿ ಇದ್ದಿದ್ದನ್ನೆಲ್ಲ ಮುಗಿಸಿ ಹೋಗುತ್ತಾರೆ ಅಂದರೆ, ನಾನೇ ಮೊದಲ ಚಂದಾದಾರ ಆಗುತ್ತೇನೆ. ಎರಡು ಗಂಟೆ ಅಂತ ಮೊದಲೇ ಹೇಳಿರೋದು ಮುಖ್ಯ. ಇಲ್ಲದಿದ್ದರೆ ಯಾರಾದರೂ ಒಬ್ಬರು ಇಡೀ ಮನೆಗೆ ಬಣ್ಣ ಹೊಡೆಸಿಕೊಳ್ಳುತ್ತಾರೆ.

ಕಿತ್ತ ಗುಂಡಿ, ಕೆಟ್ಟ ಜಿಪ್ಪು ಸರಿಮಾಡಿಕೊಡುವ ಸೇವೆಯನ್ನೂ ತುಂಬಾ ಜನ ಕೇಳಿದರು. ಒಂದು ಮನೆಯಲ್ಲಿ ಪ್ರತಿ ತಿಂಗಳು ಅಷ್ಟೊಂದು ಗುಂಡಿ ಕಿತ್ತುಬರೋದಿಲ್ಲ ಅಂತ ನನ್ನ ಅನುಮಾನ. ಬೇರೆಲ್ಲ ಚಂದಾಗಳನ್ನು ರದ್ದು ಮಾಡಿಕೊಡುವ ಚಂದಾ ಬೇಕು ಅಂತ ಇಬ್ಬರು ಅಂದರು, ತಮಾಷೆಗಲ್ಲ.

ಕೊಡೋದು ವಸ್ತುವನ್ನಾ, ನೆಮ್ಮದಿಯನ್ನಾ?

ಐಡಿಯಾ ಒಂದು ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ನೀವು ಏನನ್ನು ಕೊಡುತ್ತೇನೆ ಅಂತ ಮಾತು ಕೊಡುತ್ತಿದ್ದೀರಿ ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಹೆಚ್ಚಿನವರು ತಪ್ಪೋದು ಇಲ್ಲೇ. 1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಅನ್ನುವ ಕಂಪನಿ, ಸಣ್ಣ ಜೆಟ್ ವಿಮಾನಕ್ಕೆ ಹಾಕುತ್ತಿದ್ದ ತನ್ನ ವೈಪರ್ ಎಂಜಿನ್ನಿಗೆ ಒಂದು ಹೊಸ ಏರ್ಪಾಡು ತಂದಿತು. ಎಂಜಿನ್ ಹಾರಿದ ಗಂಟೆಗೆ ಇಷ್ಟು ಅಂತ ನೀವು ಕೊಡಿ, ರಿಪೇರಿ, ಬಿಡಿಭಾಗ, ಬದಲಿ ಎಂಜಿನ್ ನಮ್ಮ ತಲೆನೋವು. ಆಮೇಲೆ ಆ ಕಂಪನಿಯನ್ನು ಕೊಂಡ ರೋಲ್ಸ್ ರಾಯ್ಸ್ ಇದನ್ನೇ ದೊಡ್ಡದಾಗಿ ಬೆಳೆಸಿತು. ಇದರ ಸೊಗಸು ಏನು ಗೊತ್ತಾ? ಮೊದಲಾದರೆ ಎಂಜಿನ್ ಕೆಟ್ಟಷ್ಟೂ ಮಾರಿದವನಿಗೆ ಲಾಭ, ಬಿಡಿಭಾಗ ಮಾರಬಹುದಿತ್ತು. ಈಗ ಕೆಟ್ಟರೆ ಅವನಿಗೇ ನಷ್ಟ. ಇಬ್ಬರೂ ಒಂದೇ ಕಡೆ ಬಂದು ನಿಂತರು.

ನೆದರ್‌ಲೆಂಡ್ಸ್‌ನಲ್ಲಿ 2014ರಲ್ಲಿ ಶುರುವಾದ ಸ್ವಾಪ್‌ಫೀಟ್ಸ್ ಅನ್ನುವ ಕಂಪನಿ ಸೈಕಲ್ಲಿಗೆ ಇದೇ ಲೆಕ್ಕ ಹಾಕಿತು. ಮುಂದಿನ ಟೈರು ನೀಲಿ, ದೂರದಿಂದಲೇ ಗುರುತು ಸಿಗುತ್ತದೆ. ತಿಂಗಳ ಚಂದಾ ಕಟ್ಟಿದರೆ ಒಂದು ಸೈಕಲ್ಲು ನಿಮ್ಮ ಹತ್ತಿರ ಇರುತ್ತದೆ, ಕೆಟ್ಟರೆ ಸರಿಮಾಡುತ್ತಾರೆ ಅಥವಾ ಬೇರೆ ಕೊಡುತ್ತಾರೆ. ಅಲ್ಲಿ ಜನ ದುಡ್ಡು ಕೊಡೋದು ನಾಳೆ ಬೆಳಿಗ್ಗೆಯೂ ಸೈಕಲ್ಲು ಓಡುತ್ತದೆ ಅನ್ನುವ ಭರವಸೆಗೆ. ಹಾಗಾಗಿ ನಿಮ್ಮ ಒಂದು ಸಾಲಿನಲ್ಲಿ "ತಿಂಗಳಿಗೆ ಎರಡು ಸಲ ಬಂದು ನೋಡುತ್ತೇನೆ" ಅಂತ ಬರೆದಿದ್ದರೆ ಹೊಡೆದುಹಾಕಿ, "ನಿಮ್ಮ ನಲ್ಲಿ ಯಾವತ್ತೂ ಸೋರೋದಿಲ್ಲ" ಅಂತ ಬರೆಯೋಕೆ ಧೈರ್ಯ ಬರುತ್ತದಾ ನೋಡಿ. ಬರದಿದ್ದರೆ ಕೆಲಸದ ವ್ಯಾಪ್ತಿ ಕಡಿಮೆ ಮಾಡಿ, ಮಾತು ಮಾತ್ರ ಗಟ್ಟಿಯಾಗಿರಲಿ.

ತದ್ವಿರುದ್ಧದ ಉದಾಹರಣೆಯೂ ಇದೆ. ಕಾರಿನಲ್ಲಿ ಸೀಟು ಬೆಚ್ಚಗೆ ಮಾಡುವ ಸಾಧನ ಮೊದಲೇ ಕೂರಿಸಿಟ್ಟು, ಅದನ್ನು ಬಳಸೋಕೆ ತಿಂಗಳ ಚಂದಾ ಕಟ್ಟಿ ಅಂತ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಹೊರಟಿತ್ತು. 2022ರಲ್ಲಿ ಸುದ್ದಿಯಾಗಿ ಜನ ಸಿಕ್ಕಾಪಟ್ಟೆ ಬೈದರು. 2023ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ನಮ್ಮದೇ ಕಾರು, ಅದರೊಳಗೇ ಇರುವ ವಸ್ತು, ಅದಕ್ಕೆ ಬೀಗ ಹಾಕಿ ಕೀಲಿಗೆ ಬಾಡಿಗೆ ಕೇಳಿದರೆ ಯಾರಿಗೆ ತಾನೇ ಮೈ ಉರಿಯೋದಿಲ್ಲ?

ಕಂಪನಿ ಕಟ್ಟುವ ಮುಂಚೆ ಕೈಯಿಂದ ಮಾಡಿ ನೋಡಿ

ಆ್ಯಪ್ ಮಾಡಿಸೋಕೆ ಹೋಗಬೇಡಿ. ಲೋಗೊ ಕೂಡ ಬೇಡ. 1999ರಲ್ಲಿ ನಿಕ್ ಸ್ವಿನ್ಮರ್ನ್ ಇಂಟರ್‌ನೆಟ್‌ನಲ್ಲಿ ಶೂ ಮಾರೋಣ ಅಂತ ಹೊರಟಾಗ ಅವರ ಹತ್ತಿರ ಒಂದು ಜೊತೆ ಶೂ ಕೂಡ ಇರಲಿಲ್ಲ. ಹತ್ತಿರದ ಅಂಗಡಿಗಳಿಗೆ ಹೋಗಿ ಅಲ್ಲಿದ್ದ ಶೂಗಳ ಫೋಟೊ ತೆಗೆದು ಹಾಕಿದರು. ಯಾರಾದರೂ ಆರ್ಡರ್ ಮಾಡಿದರೆ ಅದೇ ಅಂಗಡಿಯಿಂದ ಕೊಂಡು ಕಳಿಸಿದರು. ಲಾಭ ಏನೂ ಇಲ್ಲ. ಆದರೆ ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದು ಮುಂದೆ ಝಾಪೋಸ್ ಅನ್ನುವ ಕಂಪನಿ ಆಯಿತು, 2009ರಲ್ಲಿ ಅಮೆಜಾನ್ ಕೊಂಡಿತು.

ಅತ್ತೆಯ ಚೀಟಿ ನೋಡಿದ ಮೇಲೆ ನಾನೂ ಹೀಗೇ ಮಾಡಿದೆ. ಹಿರಿಯರಿರುವ ಐದು ಮನೆ ಹುಡುಕಿದೆ. ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ, ನೀವು ಮಾಡಬೇಕಾಗಿಲ್ಲ, ಚೀಟಿಯಲ್ಲಿರೋದನ್ನು ಓದಿ ಸಾಕು ಅಂದೆ. ನಡುವೆ ಅನುಮಾನದ ಮೆಸೇಜ್ ಬಂದರೆ ಮಾತ್ರ ನನಗೆ ತೋರಿಸಿ ಆಮೇಲೆ ಒತ್ತಿ. ಮೊದಲ ತಿಂಗಳ ಚಂದಾ ಮುಂಗಡವಾಗಿ ತಗೊಂಡೆ. ಇದನ್ನು ಮಾತ್ರ ಬಿಡಬೇಡಿ. "ಮೊದಲ ತಿಂಗಳು ಫ್ರೀ" ಅಂದರೆ ನಿಮಗೆ ಏನೂ ತಿಳಿಯೋದಿಲ್ಲ, ಫ್ರೀ ಅಂದರೆ ಎಲ್ಲರೂ ಬರುತ್ತಾರೆ. ಎಷ್ಟೇ ಚಿಕ್ಕದಾಗಿರಲಿ, ಜೇಬಿನಿಂದ ದುಡ್ಡು ಹೊರಗೆ ಬರುವ ಆ ಕ್ಷಣದಲ್ಲಿ ಸತ್ಯ ಗೊತ್ತಾಗುತ್ತದೆ. ನನ್ನ ಐದು ಮನೆಗಳಲ್ಲಿ ದುಡ್ಡು ಕೊಟ್ಟದ್ದು ನಾಲ್ಕು. ನಾಲ್ಕರಲ್ಲಿ ಮೂರು ಕಡೆ ಕೊಟ್ಟದ್ದು ಹಿರಿಯರಲ್ಲ, ಬೇರೆ ಊರಿನಲ್ಲಿದ್ದ ಮಕ್ಕಳು. ಬಳಸುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು. ಇದನ್ನು ನಾನು ಕೂತಲ್ಲಿಂದ ಯೋಚಿಸಿ ಕಂಡುಹಿಡಿಯುತ್ತಿರಲಿಲ್ಲ.

ಇನ್ನೊಂದು ಸಂಗತಿಯೂ ಕೈಯಿಂದ ಮಾಡಿದ್ದಕ್ಕೇ ತಿಳಿಯಿತು. ಎರಡನೇ ತಿಂಗಳಿಗೆ ಚೀಟಿಗಳು ಖಾಲಿಯಾಗುತ್ತಾ ಬಂದವು. ಕೆಲಸ ಇಲ್ಲ ಅಂತ ನಾನು ಫೋನ್ ಮಾಡೋದನ್ನು ಒಂದು ವಾರ ತಪ್ಪಿಸಿದೆ. ಒಬ್ಬರು ಅಜ್ಜ ತಾವೇ ಫೋನ್ ಮಾಡಿ "ಯಾಕಪ್ಪಾ, ಹುಷಾರಿಲ್ವಾ?" ಅಂದರು. ಅವರು ಕೈಯಲ್ಲಿ ಚೀಟಿ ಹಿಡಿದು ಫೋನಿನ ಪಕ್ಕ ಕೂತಿದ್ದರಂತೆ. ಚೀಟಿಯಲ್ಲಿ ಏನೂ ಇರಲಿಲ್ಲ.

ಬೆಲೆ ಕಟ್ಟುವಾಗ

ಜಿಮ್ಮಿನ ಲೆಕ್ಕ ಕೇಳಿದ್ದೀರಾ? ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಲ್ಮೆಂಡಿಯರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಅಮೆರಿಕದ ಜಿಮ್ಮುಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಜಾಸ್ತಿ ಕಟ್ಟುವ ಸದಸ್ಯರು ತಿಂಗಳಿಗೆ ಸರಾಸರಿ 4.3 ಸಲ ಹೋಗುತ್ತಿದ್ದರು. ಅಂದರೆ ಒಂದು ಸಲಕ್ಕೆ 17 ಡಾಲರಿಗಿಂತ ಜಾಸ್ತಿ. ಅದೇ ಜಿಮ್ಮಿನಲ್ಲಿ ಹತ್ತು ಸಲದ ಪಾಸ್ ತಗೊಂಡಿದ್ದರೆ ಒಂದು ಸಲಕ್ಕೆ 10 ಡಾಲರ್ ಆಗುತ್ತಿತ್ತು. ಬಳಸದವರ ದುಡ್ಡಿನಲ್ಲಿ ಬದುಕುವ ದಂಧೆ ಇದು. ನಡೆಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅಲ್ಲಿ ಜನ ಖುಷಿಯಿಂದ ಕಟ್ಟುತ್ತಿಲ್ಲ, ತಪ್ಪಿತಸ್ಥ ಭಾವನೆಯಿಂದ ಕಟ್ಟುತ್ತಾರೆ.

ಇನ್ನೊಂದು ತುದಿಯಲ್ಲಿ ಅಮೆರಿಕದ ಮೂವಿಪಾಸ್ ಅನ್ನುವ ಕಂಪನಿಯ ಕಥೆ ಇದೆ. 2017ರ ಆಗಸ್ಟ್‌ನಲ್ಲಿ ಅವರು ತಿಂಗಳಿಗೆ 9.95 ಡಾಲರ್ ಕೊಟ್ಟರೆ ದಿನಕ್ಕೊಂದು ಸಿನಿಮಾ ನೋಡಿ ಅಂದರು. ಥಿಯೇಟರಿಗೆ ಮಾತ್ರ ಪ್ರತಿ ಟಿಕೆಟ್ಟಿನ ದುಡ್ಡು ಕಂಪನಿಯೇ ಕಟ್ಟಬೇಕು. ಎಷ್ಟೋ ಊರುಗಳಲ್ಲಿ ಒಂದೇ ಟಿಕೆಟ್ಟಿಗೆ ಅಷ್ಟು ಬೆಲೆ. ಸಿನಿಮಾ ಹುಚ್ಚಿರುವವರು ಸುಮ್ನೆ ಬಿಡುತ್ತಾರಾ? ಗ್ರಾಹಕರು ಖುಷಿಯಾದಷ್ಟೂ ಕಂಪನಿ ಮುಳುಗಿತು, 2019ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು.

ಅದಕ್ಕೇ ಬೆಲೆ ಇಡುವಾಗ ಸರಾಸರಿ ಗಿರಾಕಿಯನ್ನು ಬಿಟ್ಟು ಅತಿ ಜಾಸ್ತಿ ಬಳಸುವ ಗಿರಾಕಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವರೊಬ್ಬರಿಂದ ನಿಮಗೆ ತಿಂಗಳಿಗೆ ಎಷ್ಟು ಗಂಟೆ ಹೋಗುತ್ತದೆ, ಆ ಗಂಟೆಗಳಿಗೆ ಬೇರೆ ಕಡೆ ದುಡಿದರೆ ನಿಮಗೆ ಎಷ್ಟು ಸಿಗುತ್ತದೆ? ಅಂಥವರು ಹತ್ತರಲ್ಲಿ ಮೂವರು ಬಂದರೂ ನೀವು ನಗುತ್ತಾ ಕೆಲಸ ಮಾಡುವ ಹಾಗಿರಬೇಕು. "ಅನ್‌ಲಿಮಿಟೆಡ್" ಅನ್ನುವ ಪದವನ್ನು, ಮನುಷ್ಯರ ಸಮಯ ಬೇಕಾಗುವ ಯಾವ ಸೇವೆಗೂ ಹಾಕಬೇಡಿ.

ಜೊತೆಗೆ ಬಿಟ್ಟುಹೋಗುವವರ ಲೆಕ್ಕವನ್ನೂ ಇಟ್ಟುಕೊಳ್ಳಿ. ತಿಂಗಳಿಗೆ 100ರಲ್ಲಿ 5 ಜನ ಬಿಟ್ಟರೆ ಏನು ಮಹಾ ಅನ್ನಿಸುತ್ತದೆ. ಆದರೆ ಪ್ರತಿ ತಿಂಗಳು ಉಳಿದವರಲ್ಲಿ ಅದೇ ಪ್ರಮಾಣದಲ್ಲಿ ಬಿಡುತ್ತಾ ಹೋದರೆ ವರ್ಷದ ಕೊನೆಗೆ ಆ 100ರಲ್ಲಿ ಉಳಿಯೋದು ಸುಮಾರು 54. ತಿಂಗಳಿಗೆ 10 ಜನರ ಲೆಕ್ಕದಲ್ಲಿ ಹೋದರೆ ಉಳಿಯೋದು 28. ಹೊಸಬರನ್ನು ತರುವ ಗಲಾಟೆಯಲ್ಲಿ ಇದು ಕಣ್ಣಿಗೇ ಬೀಳೋದಿಲ್ಲ, ತಳದಲ್ಲಿ ತೂತಿರುವ ಕೊಡಕ್ಕೆ ನೀರು ಸುರಿದ ಹಾಗೆ. ಹತ್ತು ಜನ ಇರುವಾಗಲೇ ಬರೆದಿಡೋಕೆ ಶುರು ಮಾಡಿ.

ಬಿಟ್ಟುಹೋಗುವ ಬಾಗಿಲು

ಶುರು ಮಾಡುವ ದಿನವೇ ನಿಲ್ಲಿಸುವ ದಾರಿಯನ್ನೂ ಹೇಳಿಬಿಡಿ. ಜನ ಹೊಸ ಚಂದಾಗೆ ಹಿಂದೆಮುಂದೆ ನೋಡೋದು ದುಡ್ಡಿಗಿಂತ ಜಾಸ್ತಿ ಈ ಹೆದರಿಕೆಗೆ. ನನಗೇ ಆಗಿದೆ. ಒಂದು ಸೇವೆ ನಿಲ್ಲಿಸೋಕೆ ಮೂರು ಸಲ ಫೋನ್ ಮಾಡಿ, ಪ್ರತಿ ಸಲವೂ ಅದೇ ಸಂಗೀತ ಕೇಳಿಸಿಕೊಂಡು, ಕೊನೆಗೆ ಕಾರ್ಡನ್ನೇ ಬದಲಾಯಿಸಿದೆ. ಸೇರೋಕೆ ಹಿಡಿದದ್ದು ಎರಡು ನಿಮಿಷ. ಜರ್ಮನಿಯಲ್ಲಿ 2022ರ ಜುಲೈ 1ರಿಂದ ಇದಕ್ಕೆ ಕಾನೂನೇ ಇದೆ, ಆನ್‌ಲೈನಿನಲ್ಲಿ ಇಂಥ ಕರಾರು ಮಾಡಿಸಿಕೊಳ್ಳುವವರು ಅಲ್ಲೇ ಎದ್ದು ಕಾಣುವ ಹಾಗೆ ರದ್ದು ಮಾಡುವ ಬಟನ್ ಇಡಬೇಕು. ನಿಮ್ಮಲ್ಲಿ ಕಾನೂನು ಇದ್ದರೂ ಇಲ್ಲದಿದ್ದರೂ ಇಡಿ. "ಸಾಕು ಅಂತ ಒಂದು ಮೆಸೇಜ್ ಹಾಕಿ, ಅಲ್ಲಿಗೆ ಮುಗೀತು" ಅಂತ ನಾನು ಮೊದಲ ಫೋನಿನಲ್ಲೇ ಹೇಳುತ್ತೇನೆ.

ಯಾರಾದರೂ ಸಾಕು ಅಂದಾಗ ಒಂದೇ ಪ್ರಶ್ನೆ ಕೇಳಿ: "ಕೊನೇ ಸಲ ನಾನು ಉಪಯೋಗಕ್ಕೆ ಬಂದದ್ದು ಯಾವಾಗ?" ಯಾಕೆ ಬಿಡುತ್ತಿದ್ದೀರಿ ಅಂತ ಕೇಳಿದರೆ ದುಡ್ಡಿನ ಕಾರಣ ಹೇಳಿ ಮುಗಿಸುತ್ತಾರೆ. ಯಾವಾಗ ಅಂತ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸುತ್ತಾರೆ, ಆಮೇಲೆ ಬರುವ ಮಾತು ಬರೆದಿಟ್ಟುಕೊಳ್ಳುವಂಥದ್ದು. ಉಳಿದ ದಿನಗಳ ದುಡ್ಡು ಅವತ್ತೇ ವಾಪಸ್ ಕಳಿಸಿ.

ಅಂದ ಹಾಗೆ, ಅತ್ತೆಗೆ ಚಂದಾ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಅವರು ಒಪ್ಪಲಿಲ್ಲ. ಬೇರೆಯವರ ಹಾಗೇ ಪ್ರತಿ ತಿಂಗಳು 1ನೇ ತಾರೀಕು ಕಳಿಸುತ್ತಾರೆ. ಈಗ ವಾರದ ನಡುವೆಯೂ ಫೋನ್ ಮಾಡುತ್ತಾರೆ, "ಏಯ್, ಇದು ಯಾಕೆ ಹೀಗೆ ತೋರಿಸ್ತಿದೆ, ಬೇಗ ಹೇಳು" ಅಂತ.